ಜಗಳ ಬಿಡಿಸಲು ಹೋದ ಹಾಲೇಶ

ನಮ್ಮ ಬೀದಿಯ ಹುಡುಗಿಯೊಬ್ಬಳು ಗ್ರಾಮ ಆಡಳಿತ ಅಧಿಕಾರಿಯಾಗಿ ಆಯ್ಕೆಯಾದಳು. ಪೇಡೆ ಡಬ್ಬಿ ಹಿಡಿದು ಮನೆಗೆ ಬಂದವಳು, “ಆಂಟಿ, ನೀವು ಇದೇ ಕೆಲ್ಸ ಮಾಡಿದೋರಲ್ಲ, ಹೆಂಗಿರ್ತೈತೆ ಹೇಳ್ರಿ” ಎಂದು ಕೇಳಿದಳು. “ಚೆನ್ನಾಗಿರ್ತೈತಮ್ಮ, ಧೈರ್ಯವಾಗಿ ಹೋಗು” ಎಂದೆ. ಅವಳು ಗೇಟು ದಾಟುವಷ್ಟರಲ್ಲಿ ನನ್ನ ಮಾತು ನನಗೇ ಸಪ್ಪೆಯಾಗಿ ಕಂಡಿತು. ಪೇಡೆ ಕೊಡಲು ಬಂದವಳ ಮುಖ ನೋಡಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಹರಿಹರ ತಾಲ್ಲೂಕಿನಲ್ಲಿ, ಈ ಹುದ್ದೆಗೆ ಆಗ ಇದ್ದ ಹೆಸರಿನಂತೆ, ಗ್ರಾಮ ಲೆಕ್ಕಿಗಳಾಗಿ ಸೇರಿ ಅದೇ ತಾಲ್ಲೂಕಿನಲ್ಲಿ ಕಂದಾಯ ನಿರೀಕ್ಷಕಳಾಗಿ ನಿವೃತ್ತಳಾದವಳು. ಈಗ ದಾವಣಗೆರೆಯ ಎಸ್.ಎಸ್. ಬಡಾವಣೆಯಲ್ಲಿ ಮಗಳ ಮನೆಯ ಮಹಡಿಯ ಮೇಲಿದ್ದೇನೆ. ಪಹಣಿ, ಖಾತೆ ಬದಲಾವಣೆ, ಜಾತಿ ಆದಾಯ ಪ್ರಮಾಣಪತ್ರ, ಬೆಳೆ ಸಮೀಕ್ಷೆ ಇವೆಲ್ಲ ಆರು ತಿಂಗಳಲ್ಲಿ ಕೈಗೆ ಹತ್ತುತ್ತವೆ. ಯಾವ ತರಬೇತಿಯಲ್ಲೂ ಹೇಳಿಕೊಡದ ಒಂದು ಕೆಲಸವಿದೆ. ಅದು ಸಾವಿನ ಮನೆಗೆ ಹೋಗುವುದು. ಸಿಡಿಲು ಬಡಿದರೆ, ಕಾಲುವೆಯಲ್ಲಿ ಯಾರಾದರೂ ತೇಲಿಹೋದರೆ, ಮಳೆಗೆ ಗೋಡೆ ಬಿದ್ದರೆ, ಗದ್ದೆಯಲ್ಲಿ ಹಾವು ಕಚ್ಚಿದರೆ ಸರ್ಕಾರದ ಕಡೆಯಿಂದ ಮೊದಲು ಹೊಸಿಲು ತುಳಿಯಬೇಕಾದವರು ನಾವು. ಹೆಣ್ಣುಮಗಳಾದರಂತೂ ಮುಗಿಯಿತು. “ಹೆಂಗಸ್ರನ್ನ ನೀವೇ ಸಮಾಧಾನ ಮಾಡ್ರಿ ಮೇಡಂ” ಎಂದು ಗಂಡಸರು ಅಂಗಳದಲ್ಲೇ ಉಳಿಯುತ್ತಾರೆ.

ನನಗೆ ಇದನ್ನು ಕಲಿಸಿದವರು ಚಂದ್ರಪ್ಪನವರು. ನಾನು ಕೊಂಡಜ್ಜಿಯಲ್ಲಿ ಕೆಲಸಕ್ಕೆ ಸೇರಿದಾಗ ಅವರು ನಮ್ಮ ಕಂದಾಯ ನಿರೀಕ್ಷಕರು. ಬಾಯಿ ಒರಟು, ಎಲೆಅಡಿಕೆ ಬಿಟ್ಟಿರಲಾರರು. ಅಲ್ಲಿನ ಕೆರೆಯಲ್ಲಿ ಎಮ್ಮೆ ಮೈ ತೊಳೆಯಲು ಹೋದವನೊಬ್ಬ ಮುಳುಗಿ ಸತ್ತಿದ್ದ. ನಾನು ಪೆನ್ನು ಕಾಗದ ಹಿಡಿದು ಹೊರಟಿದ್ದನ್ನು ನೋಡಿ, “ಅದನ್ನ ಚೀಲದಾಗ ಇಡಮ್ಮ” ಎಂದರು. “ಮೊದ್ಲು ಹೋಗಿ ನೆಲದ ಮೇಲೆ ಕೂಡು. ಅವ್ರು ಅಳದು ಮುಗಿಯಾವರ್ಗೂ ಬಾಯಿ ಬಿಡಬ್ಯಾಡ. ನೀರು ಕೊಟ್ರೆ ಕುಡಿ. ಹೆಸ್ರು, ವಯಸ್ಸು ಎಲ್ಲ ನಾಳೆ ಕೇಳಿದ್ರೂ ನಡೀತೈತೆ. ಸತ್ತೋನು ಎಲ್ಲಿ ಹೋಗ್ತಾನೆ?” ಆ ದಿನ ನಾನು ಆ ಮನೆಯಲ್ಲಿ ಸಂಜೆಯವರೆಗೆ ಸುಮ್ಮನೆ ಕೂತಿದ್ದೆ. ಹೊರಟಾಗ ಸತ್ತವನ ಹೆಂಡತಿಯೇ ಎದ್ದು ಬಂದು, “ಕತ್ತಲಾಗ್ತೈತೆ, ಬಸ್ಸಿಗೆ ಯಾರನ್ನಾದ್ರೂ ಜೊತಿ ಮಾಡಿ ಕಳಿಸ್ಲಾ?” ಎಂದು ಕೇಳಿದ್ದಳು. ಇಷ್ಟು ವರ್ಷಗಳಲ್ಲಿ ನನಗೆ ಸಿಕ್ಕ ತರಬೇತಿ ಎಂದರೆ ಅದೊಂದೇ.

ಆಮೇಲೆ ಫೋನು ಬಂತು. ಸುದ್ದಿ ಮುಟ್ಟಿಸಲು ಮನುಷ್ಯರು ಹೋಗುವುದು ನಿಂತಿತು. ಒಮ್ಮೆ ಹೆದ್ದಾರಿಯಲ್ಲಿ ಲಾರಿಗೆ ಸಿಕ್ಕಿ ಸತ್ತವನ ಹೆಸರು ಬಸವರಾಜ. ಆ ಊರಿನಲ್ಲಿ ಬಸವರಾಜರು ಇಬ್ಬರಿದ್ದರು. ನಮ್ಮ ಕಚೇರಿಯ ಗುಮಾಸ್ತನೊಬ್ಬ ಕುರ್ಚಿಯಿಂದ ಏಳದೆ ಫೋನು ತಿರುಗಿಸಿ, ಬದುಕಿದ್ದವನ ಮನೆಗೆ ಸಾವಿನ ಸುದ್ದಿ ಹೇಳಿಬಿಟ್ಟ. ಹೊಲದಿಂದ ಗುದ್ದಲಿ ಹೊತ್ತು ಬಂದ ಗಂಡನನ್ನು ಕಂಡು ಆ ಹೆಂಗಸು ಎಚ್ಚರ ತಪ್ಪಿ ಬಿದ್ದಳು. ಗುಮಾಸ್ತನಿಗೆ ನೋಟಿಸು ಹೋಯಿತು, ಉತ್ತರ ಬಂತು, ಮುಗಿಯಿತು. ಫೋನಿನಲ್ಲಿ ಸಾವು ಹೇಳಬಾರದು ಎಂದು ಯಾರೂ ತೀರ್ಮಾನ ಮಾಡಲಿಲ್ಲ.

ಹಾಲೇಶನನ್ನು ನಾನು ಮೊದಲು ಕಂಡದ್ದು ತುಂಗಭದ್ರೆಗೆ ನೆರೆ ಬಂದ ವರ್ಷ. ಅವನ ಊರು ಭಾನುವಳ್ಳಿಯಿಂದ ಇನ್ನೂ ಒಳಕ್ಕೆ, ಕಾಲುವೆಯ ಏರಿ ಹಿಡಿದು ಹೋದರೆ ಸಿಗುತ್ತದೆ. ಊರಿನ ಹೆಸರು ಬರೆಯುವುದಿಲ್ಲ, ಆ ಮನೆಗೆ ಇಷ್ಟು ವರ್ಷ ಬಂದುಹೋದ ಜನವೇ ಸಾಕು. ಪಿಯುಸಿ ಮುಗಿಸಿದ್ದ ಹುಡುಗ. ಹೊಳೆದಂಡೆಯ ಮನೆಗಳಿಂದ ಜನರನ್ನು ಸಾಗಿಸಲು ಸುತ್ತಲ ಊರಿನ ಹುಡುಗರು ಬಂದಿದ್ದರಲ್ಲ, ಅವರಲ್ಲಿ ಒಬ್ಬ. ಮನೆ ಬಿಟ್ಟು ಬರಲು ಒಲ್ಲೆನೆಂದು ಕಂಬ ತಬ್ಬಿ ಕೂತಿದ್ದ ಮುದುಕಿಯೊಬ್ಬಳನ್ನು ಬೆನ್ನ ಮೇಲೆ ಹೊತ್ತು ತಂದ. ತಂದ ಮೇಲೆ ಅವಳು ಆಡು ಬಿಟ್ಟು ಬಂದೆನೆಂದು ಅತ್ತಳು. ಮತ್ತೆ ಎದೆಮಟ್ಟ ನೀರಿಗಿಳಿದು ಆಡನ್ನೂ ಹೆಗಲ ಮೇಲೆ ಹಾಕಿಕೊಂಡು ಬಂದ. ಅಷ್ಟು ಹೊತ್ತಿಗೆ ಜೀಪಿನಲ್ಲಿ ಬಂದಿಳಿದ ಅಧಿಕಾರಿಯೊಬ್ಬರು, ಫೋಟೊ ಬೇಕೆಂದು, ಅಜ್ಜಿಯನ್ನು ಇನ್ನೊಮ್ಮೆ ಹೊತ್ತು ನೀರಿನಲ್ಲಿ ನಡೆಯಲು ಹೇಳಿದರು.

ಹಾಲೇಶ ಅವರನ್ನು ಮೇಲಿಂದ ಕೆಳಗೆ ನೋಡಿ, “ಅಜ್ಜಿ ಸುಸ್ತಾಗಿ ಮಲಗೈತೆ ಸಾರ್. ಬೇಕಾದ್ರೆ ನಿಮ್ಮನ್ನೇ ಹೊತ್ಕೋತೀನಿ ಬರ್ರಿ” ಎಂದ.

ಸುತ್ತ ನಿಂತವರೆಲ್ಲ ನಕ್ಕರು. ನಾನೂ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೆ. ಆಮೇಲೆ ಸೈನ್ಯದ ಭರ್ತಿಗೆ ಬೇಕಾದ ಪ್ರಮಾಣಪತ್ರಗಳಿಗಾಗಿ ಅವನು ನನ್ನ ಬಳಿ ಬಂದಾಗ ಗುರುತು ಹಿಡಿದು, “ಏನಪ್ಪ, ಸಾಹೇಬ್ರನ್ನ ಹೊರೋನು ದೇಶನೂ ಹೊರ್ತೀಯಾ?” ಎಂದು ತಮಾಷೆ ಮಾಡಿದ್ದೆ. ಅವನು ಆಯ್ಕೆಯಾದ. ರಜೆಗೆ ಬಂದಾಗಲೆಲ್ಲ ಕಚೇರಿಗೆ ಬಂದು ಮುಖ ತೋರಿಸಿ ಹೋಗುತ್ತಿದ್ದ. ಕೊನೆಯ ಸಲ ಸಿಕ್ಕದ್ದು ಹರಿಹರದ ಬಸ್ ನಿಲ್ದಾಣದಲ್ಲಿ. “ಫಾರಿನ್‌ಗೆ ಹೊಂಟೀನಿ ಮೇಡಂ, ಸರ್ಕಾರದ ಖರ್ಚಿನಾಗೆ!” ಎಂದ. ಆಫ್ರಿಕಾದ ಯಾವುದೋ ದೇಶದಲ್ಲಿ ಅಲ್ಲಿನ ಜನ ತಮ್ಮತಮ್ಮಲ್ಲೇ ಹೊಡೆದಾಡುತ್ತಿದ್ದರು. ಶಾಂತಿ ಕಾಯಲು ನಾನಾ ದೇಶಗಳಿಂದ ಸೈನಿಕರು ಹೋಗುತ್ತಾರೆ, ನಮ್ಮ ದೇಶದಿಂದ ಹೋಗುವ ತುಕಡಿಯಲ್ಲಿ ಅವನೂ ಇದ್ದ. ಅಲ್ಲಿ ನೀಲಿ ಟೋಪಿ ಕೊಡುತ್ತಾರಂತೆ, ಬಂದಾಗ ತೋರಿಸುತ್ತೇನೆ ಎಂದ. ಭಾನುವಳ್ಳಿ ಬಸ್ಸು ಹೊರಟಿತ್ತು, ಓಡಿಹೋಗಿ ಹತ್ತಿದ.

ಅವನು ಸತ್ತ ಸುದ್ದಿ ಅವನ ಅಪ್ಪನಿಗೆ ತಿಳಿದ ರೀತಿಯನ್ನು ಕೇಳಿ. ಅಪ್ಪ ಕರಿಬಸಪ್ಪ ಗದ್ದೆಗೆ ಗೊಬ್ಬರ ಎರಚುತ್ತಿದ್ದ. ಸೈನ್ಯದಿಂದ ಫೋನು ಬರುವ ಮೊದಲೇ ಯಾವುದೋ ಟಿ.ವಿ.ಯ ವರದಿಗಾರ ಅವನ ನಂಬರು ಹುಡುಕಿ ಫೋನು ಮಾಡಿ, “ನಿಮ್ಮ ಮಗ ಹುತಾತ್ಮರಾಗಿದ್ದಾರೆ, ನಿಮಗೆ ಹೇಗನ್ನಿಸುತ್ತಿದೆ?” ಎಂದು ಕೇಳಿದ. ಕರಿಬಸಪ್ಪನಿಗೆ ಆ ಪದ ಗೊತ್ತಿರಲಿಲ್ಲ. ಗೊಬ್ಬರದ ಕೈಯಲ್ಲೇ ಫೋನು ಹಿಡಿದು, ಸಂಕೋಚದಿಂದ, “ಹಂಗಂದ್ರೇನ್ರಿ, ಪ್ರಮೋಷನ್ ಬಂತಾ?” ಎಂದು ಕೇಳಿದನಂತೆ. ಇದನ್ನು ನನಗೆ ಹೇಳಿದ್ದು ಅವನೇ.

ನಾನು ಆ ಮನೆಗೆ ಹೋದಾಗ ಅಂಗಳದ ತುಂಬ ಜನ. ಒಳಗೆ ತಾಯಿ ಬಸಮ್ಮ ಗೋಡೆಗೆ ಒರಗಿ ಕೂತಿದ್ದಳು. ಪಕ್ಕದಲ್ಲಿದ್ದ ಮಗಳು ಅನಿತಾಳಿಗೆ ಅತ್ತು ಅತ್ತು ದನಿ ಹೋಗಿತ್ತು. ಬಸಮ್ಮನ ಕಣ್ಣಿನಲ್ಲಿ ಒಂದು ಹನಿ ಇರಲಿಲ್ಲ. ಚಂದ್ರಪ್ಪನವರು ಕಲಿಸಿದಂತೆ ನೆಲದ ಮೇಲೆ ಕೂತೆ. ಬಹಳ ಹೊತ್ತಾದ ಮೇಲೆ ಅವಳೇ ನನ್ನ ಕಡೆ ತಿರುಗಿದಳು.

“ಮೇಡಂನೋರೆ, ಎಲ್ರೂ ಅಳು ಅಳು ಅಂತಾರೆ. ಮಕ ನೋಡಾವರ್ಗೂ ನಾನು ಅಳಲ್ಲ. ಯಾರೋ ಫೋನ್ನಾಗ ಹೇಳಿದ್ರು ಅಂತ ಮಗನ್ನ ಸಾಯಿಸ್ಲಾ?”

ದೇಹ ಅಷ್ಟು ದೂರದಿಂದ ಬರಬೇಕಿತ್ತು, ದಿನಗಳು ಹಿಡಿದವು. ಅಷ್ಟೂ ದಿನ ಆ ಮನೆಯಲ್ಲಿ ಒಲೆ ಹೊತ್ತಲಿಲ್ಲ, ನೆರೆಯವರು ರೊಟ್ಟಿ ತಂದಿಡುತ್ತಿದ್ದರು. ಬಸಮ್ಮ ಮಾತ್ರ ದನಕ್ಕೆ ಮೇವು ಹಾಕುವುದು, ನೀರು ಹೊರುವುದು ಬಿಡಲಿಲ್ಲ. ಇತ್ತ ಹರಿಹರದಲ್ಲಿ ಸಭೆಗಳ ಮೇಲೆ ಸಭೆ. ಆ ಇಡೀ ಏರ್ಪಾಡಿನ ಉಸ್ತುವಾರಿ ಹೊತ್ತಿದ್ದ ಮೇಲಧಿಕಾರಿಯ ಹೆಸರೂ ಹುದ್ದೆಯೂ ಬೇಡ, ಸಾಹೇಬರು ಎಂದಷ್ಟೇ ಕರೆಯುತ್ತೇನೆ. ಕೆಟ್ಟವರಲ್ಲ. ಕೆಲಸದಲ್ಲಿ ಚುರುಕು, ಲಂಚ ಮುಟ್ಟುತ್ತಿರಲಿಲ್ಲ. ಅವರು ನನಗೆ ಒಪ್ಪಿಸಿದ ಕೆಲಸ ಇದು: “ಮೇಡಂ, ನೀವು ತಾಯಿ ಜೊತೇಲೇ ಇರ್ರಿ. ಕಾರ್ಯಕ್ರಮ ಮುಗಿಯೋವರೆಗೆ ಆಯಮ್ಮನಿಂದ ಏನೂ ಗಲಾಟೆ ಆಗಬಾರದು.”

ಕಾರ್ಯಕ್ರಮ ಎಂಬ ಮಾತು ಅಂದಿನಿಂದ ನನ್ನ ಕಿವಿಯಲ್ಲಿ ಮುಳ್ಳಿನಂತೆ ಉಳಿದಿದೆ.

ಮಣ್ಣು ಮಾಡುವ ಜಾಗದ ಬಗ್ಗೆಯೂ ಹೀಗೇ ಆಯಿತು. ಕಾಲುವೆಯ ಪಕ್ಕದ ತಮ್ಮ ತುಂಡು ಹೊಲದಲ್ಲಿ, ಅಜ್ಜನ ಗದ್ದುಗೆಯ ಮಗ್ಗುಲಲ್ಲಿ ಇಡಬೇಕೆಂದು ಮನೆಯವರ ಆಸೆ. ಅಲ್ಲಿಗೆ ಕಾರು ಹೋಗುವುದಿಲ್ಲ. ಮಂತ್ರಿಗಳು ಬರುತ್ತಾರೆ, ಶಾಲೆಯ ಮೈದಾನವೇ ಸರಿ ಎಂದು ಸಾಹೇಬರು ತೀರ್ಮಾನಿಸಿದರು. “ಎಲ್ಲಾದ್ರೂ ಮಣ್ಣೇ ಅಲ್ವಾ ಸಾರ್” ಎಂದು ಕರಿಬಸಪ್ಪ ಒಪ್ಪಿಕೊಂಡ. ಅವರ ಮನೆತನದಲ್ಲಿ ಸತ್ತವರನ್ನು ಕೂರಿಸಿ ಮಣ್ಣು ಮಾಡುತ್ತಾರೆ. ಊರಿನ ಹಿರಿಯರು ಅದೇ ಲೆಕ್ಕದಲ್ಲಿ ಚೌಕನೆಯ ಆಳದ ಗುಂಡಿ ತೋಡಿ, ಒಳಗೆ ಗೂಡು ಕೊರೆದು, ವಿಭೂತಿ ತರಿಸಿ ಕಾದಿದ್ದರು. ಬರುವುದು ಉದ್ದನೆಯ ಪೆಟ್ಟಿಗೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಪೆಟ್ಟಿಗೆ ಬರುವ ದಿನ ಬೆಳಿಗ್ಗೆ ಅದು ಗೊತ್ತಾಗಿ, ಜೆಸಿಬಿ ತರಿಸಿ ಎರಡು ನಿಮಿಷಕ್ಕೆ ಗುಂಡಿಯನ್ನು ಉದ್ದ ಮಾಡಿದರು. ಕೈಯಾರೆ ಗುಂಡಿ ತೋಡಿದ್ದ ಮುದುಕ ಗುದ್ದಲಿಯನ್ನು ಹೆಗಲಿಗೆ ಹಾಕಿಕೊಂಡು ಮನೆಗೆ ಹೋದ.

ಹರಿಹರದಿಂದ ಮೆರವಣಿಗೆ ಹೊರಟಿತು. ಹೂವಿನ ಲಾರಿ, ಅದರ ಮುಂದೆ ಬೈಕುಗಳು, ಬಿಸಿಲಲ್ಲಿ ಬಾವುಟ ಹಿಡಿದು ನಿಲ್ಲಿಸಿದ ಶಾಲಾ ಮಕ್ಕಳು. ಸರ್ಕಲ್ಲು ಸರ್ಕಲ್ಲಿಗೆ ನಿಲ್ಲಿಸಿ ಒಬ್ಬೊಬ್ಬರೂ ಹಾರ ಹಾಕಿ ಫೋಟೊ ತೆಗೆಸಿಕೊಂಡರು. ಅಲ್ಲಿ ಊರಿನಲ್ಲಿ ಬಸಮ್ಮ ಬೆಳಗಿನಿಂದ ಬಾಗಿಲಲ್ಲಿ ನಿಂತೇ ಇದ್ದಳು. ಕೂಡ್ರು ಎಂದರೆ ಕೂರಲಿಲ್ಲ.

ಪೆಟ್ಟಿಗೆ ಕೊನೆಗೂ ಮನೆಗೆ ಬಂತು. ದಾರಿಯಲ್ಲಿ ತಡವಾಗಿದ್ದರಿಂದ ಮನೆಯಲ್ಲಿ ಇಡುವ ಹೊತ್ತನ್ನು ಮೊಟಕು ಮಾಡಿದ್ದರು. ನಡುಮನೆಯಲ್ಲಿ ಇಟ್ಟರು. ಬಸಮ್ಮ ಅದರ ಮೇಲಿನ ಬಾವುಟವನ್ನು ಮೆಲ್ಲಗೆ ಸವರಿ, ಹಲಗೆಯ ಅಂಚನ್ನು ಉಗುರಿನಿಂದ ಎತ್ತಲು ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

“ತೆಗೀರಿ ಮೇಡಂನೋರೆ.”

ಪೆಟ್ಟಿಗೆಯ ಜೊತೆ ಬಂದಿದ್ದ ಸುಬೇದಾರರು ತಲೆಕೂದಲು ನೆರೆತ ಮರಾಠಿ ಮನುಷ್ಯ. ನಾನು ನನ್ನ ಹರಕು ಹಿಂದಿಯಲ್ಲಿ ಕೇಳಿದೆ. ಅವರು ದನಿ ತಗ್ಗಿಸಿ ಹೇಳಿದರು: ಮುಖಕ್ಕೆ ಏನೂ ಆಗಿಲ್ಲ, ಮೇಲಿನ ಹಲಗೆ ತೆಗೆದರೆ ಒಳಗೆ ಗಾಜು ಇದೆ, ಅದರ ಮೂಲಕ ನೋಡಬಹುದು. ದಿನಗಳಾಗಿವೆ, ಬಣ್ಣ ಸ್ವಲ್ಪ ಬದಲಾಗಿರುತ್ತದೆ, ತಾಯಿಯನ್ನು ಹಿಡಿದುಕೊಳ್ಳಬೇಕು. ಇಲ್ಲಿನ ಅಧಿಕಾರಿಗಳು ಒಪ್ಪಿ ಜನರನ್ನು ಹೊರಗೆ ಕಳಿಸಿದರೆ ತಾವೇ ತೆಗೆಯುತ್ತೇವೆ ಎಂದರು.

ನಾನು ಅಂಗಳಕ್ಕೆ ಓಡಿದೆ. ಸಾಹೇಬರು ಎರಡು ಫೋನು ಹಿಡಿದು ನಿಂತಿದ್ದರು.

“ಸಾರ್, ತಾಯಿ ಮುಖ ನೋಡ್ಬೇಕು ಅಂತಿದಾರೆ. ಸುಬೇದಾರ್ರು ಆಗ್ತೈತೆ ಅಂದ್ರು. ಬಾಗಿಲು ಹಾಕ್ಕೊಂಡು ಮನೆಯವ್ರಿಗಷ್ಟೇ ತೋರಿಸಿದ್ರೆ ಸಾಕು.”

“ಈಗ ಆಗಲ್ಲ ಮೇಡಂ. ಮಂತ್ರಿಗಳು ಆಗಲೇ ಮೈದಾನದಾಗೆ ಕೂತಿದಾರೆ. ಇಲ್ಲಿ ತೆಗೆದ್ರೆ ಊರೆಲ್ಲ ನುಗ್ಗತೈತೆ, ಕಾಲ್ತುಳಿತ ಆದ್ರೆ ಯಾರು ಹೊಣೆ?”

“ಆಯಮ್ಮ ಇಷ್ಟು ದಿನ ಅತ್ತಿಲ್ಲ ಸಾರ್. ಮುಖ ನೋಡಿದ್ರೆ ಅಳ್ತಾರೆ.”

“ಅದನ್ನೇ ಹೇಳ್ತಿರೋದು ನಾನು” ಎಂದು ಅವರು ಫೋನು ಕಿವಿಗಿಟ್ಟುಕೊಂಡರು. “ಎತ್ರಿ, ಎತ್ರಿ, ಹೊರಡ್ರಿ!”

ಪೆಟ್ಟಿಗೆ ಎತ್ತಿದರು. ಬಸಮ್ಮ ಅದರ ಹಿಡಿಕೆ ಹಿಡಿದುಕೊಂಡು ಬಾಗಿಲವರೆಗೆ ಬಂದಳು. ಅಲ್ಲಿ ಇಬ್ಬರು ಮಹಿಳಾ ಪೊಲೀಸರು ಅವಳ ಬೆರಳು ಬಿಡಿಸಿದರು. ಒರಟುತನದಿಂದಲ್ಲ, ಒಂದೊಂದೇ ಬೆರಳನ್ನು ಮೆಲ್ಲಗೆ ಬಿಡಿಸಿದರು.

ಮೈದಾನದಲ್ಲಿ ಕಟ್ಟಿದ್ದ ಫ್ಲೆಕ್ಸಿನಲ್ಲಿ ಹಾಲೇಶನ ಹಿಂದೆ ಹಿಮದ ಬೆಟ್ಟಗಳಿದ್ದವು. ಅವನು ಸತ್ತದ್ದು ಬೆಂಕಿಯಂಥ ಬಿಸಿಲಿನ ನಾಡಿನಲ್ಲಿ. ಮಂತ್ರಿಗಳು ಗಡಿಯ ಬಗ್ಗೆ, ಶತ್ರುಗಳ ಬಗ್ಗೆ, ಸೇಡಿನ ಬಗ್ಗೆ ಮಾತಾಡಿದರು. ಆಫ್ರಿಕಾ ಎಂದು ನಾವು ಬರೆದು ಕಳಿಸಿದ್ದೆವು, ಓದಲು ಯಾರಿಗೂ ಪುರುಸೊತ್ತು ಇರಲಿಲ್ಲ. ಜನ ಘೋಷಣೆ ಕೂಗಿದರು. ಕರಿಬಸಪ್ಪ ಪಕ್ಕದಲ್ಲಿ ಕೂತಿದ್ದ ಸುಬೇದಾರರ ತೋಳು ಮುಟ್ಟಿದ.

“ಸಾರ್, ಅದ್ಯಾವ ದೇಶ? ಅವ್ರಿಗೂ ನಮ್ಗೂ ಏನು ಜಗಳ?”

ನಾನು ಹಿಂದಿಗೆ ತಿರುಗಿಸಿ ಹೇಳಿದೆ. ನಮ್ಮದೇನೂ ಜಗಳವಿಲ್ಲ, ಅವರ ಜಗಳ ಬಿಡಿಸಲು ಹೋಗಿದ್ದು ಎಂದರು ಸುಬೇದಾರರು. ಅದನ್ನು ಕನ್ನಡದಲ್ಲಿ ಹೇಳಿದಾಗ ಕರಿಬಸಪ್ಪ ತಲೆದೂಗಿದ.

“ಬಿಡ್ಸಾಕ ಹೋದೋನಿಗೇ ಏಟು ಬೀಳದು. ಊರಾಗೂ ಹಂಗೇ ಅಲ್ವಾ ಮೇಡಂ.”

ಗುಂಡು ಹಾರಿಸಿ ಗೌರವ ಸಲ್ಲಿಸಿದರು. ಬಾವುಟ ಮಡಚಿ, ಅದರ ಮೇಲೆ ಅವನ ನೀಲಿ ಟೋಪಿ ಇಟ್ಟು ಬಸಮ್ಮನ ಕೈಗೆ ಕೊಟ್ಟರು. ಕ್ಯಾಮೆರಾಗಳೆಲ್ಲ ಅವಳ ಮುಖದ ಹತ್ತಿರ ಬಂದವು. ಅವಳು ಅದನ್ನು ಹಾಗೇ ನನ್ನ ಕಡೆ ಚಾಚಿದಳು.

“ಇದನ್ನ ಅವ್ರ ಅವ್ವನಿಗೆ ಕೊಡ್ರಿ ಮೇಡಂನೋರೆ” ಎಂದಳು. “ಪಾಪ, ಅದ್ಯಾವ ತಾಯಿ ಕಾಯ್ತಾ ಕೂತೈತೋ.”

ಅವತ್ತು ಆ ಕಡೆಯ ಜನ ಅದನ್ನು ದುಃಖದ ಮಾತೆಂದು ತಿಳಿದರು. ಅವಳು ಹೇಳಿದ್ದು ಅಕ್ಷರಶಃ ನಿಜವಾಗಿ. ಆ ಪೆಟ್ಟಿಗೆಯಲ್ಲಿ ಇದ್ದವನು ಬೇರೆ ಯಾರೋ ಎಂದೇ ಅವಳು ನಂಬಿದಳು. ಮೂರನೆಯ ದಿನ ಹಾಲುತುಪ್ಪಕ್ಕೆ ಮೈದಾನಕ್ಕೆ ಹೋಗಲಿಲ್ಲ. ಮನೆಯ ಫೋಟೊಗೆ ಯಾರೋ ಹಾಕಿದ್ದ ಹಾರವನ್ನು ತೆಗೆದು ದನದ ಮುಂದೆ ಎಸೆದಳು. ಅಷ್ಟು ದೂರದ ದೇಶ, ಗಡಿಬಿಡಿಯಲ್ಲಿ ಪೆಟ್ಟಿಗೆ ಅದಲುಬದಲಾಗಿದೆ, ತನ್ನ ಮಗ ಎಲ್ಲೋ ಗಾಯಗೊಂಡು ಮಲಗಿದ್ದಾನೆ ಎಂದು ಹೇಳುತ್ತಿದ್ದಳು. ಬಸವರಾಜನ ಕಥೆ ಆ ಕಡೆಯ ಊರುಗಳಿಗೆಲ್ಲ ಗೊತ್ತಿತ್ತು. “ಸರ್ಕಾರದಾರು ಸತ್ತಾನೆ ಅಂದೋನು ಗುದ್ದಲಿ ಹೊತ್ಕೊಂಡು ಬರ್ಲಿಲ್ವಾ?” ಎಂದು ಅವಳು ನನ್ನನ್ನೇ ಕೇಳುತ್ತಿದ್ದಳು.

ಊರಿನವರು ತಲೆ ಕೆಟ್ಟಿದೆ ಎಂದರು. ಕೆಟ್ಟಿರಲಿಲ್ಲ. ನಾಟಿ, ಕಳೆ, ಹಾಲಿನ ಡೇರಿ, ಎಲ್ಲದರಲ್ಲೂ ಅವಳು ಮೊದಲಿನಂತೆಯೇ ಇದ್ದಳು. ನಮ್ಮ ಇಲಾಖೆಯಲ್ಲಿ ಒಂದು ಬದು ಜರುಗಿದ್ದರೂ ಸ್ಥಳಕ್ಕೆ ಹೋಗಿ ಕಣ್ಣಾರೆ ನೋಡದೆ ವರದಿ ಕೊಡುವಂತಿಲ್ಲ. ಕಣ್ಣಾರೆ ನೋಡದೆ ನಂಬು ಎಂದು ನಾವು ಹೇಳಿದ್ದು ಅವಳೊಬ್ಬಳಿಗೆ ಮಾತ್ರ. ಅದೂ ಹೆತ್ತ ಮಗನ ವಿಷಯದಲ್ಲಿ.

ಅನಿತಾಳ ಮದುವೆ ನಿಂತಿತು. ರಾಣೆಬೆನ್ನೂರಿನ ಕಡೆಯಿಂದ, ಹೊನ್ನಾಳಿಯ ಕಡೆಯಿಂದ ಒಳ್ಳೊಳ್ಳೆಯ ಸಂಬಂಧಗಳು ಬಂದವು. “ಅಣ್ಣ ಬರ್ಲಿ, ಆಮೇಲೆ ಮಾತಾಡಾಣ” ಎಂದು ಬಸಮ್ಮ ಬಂದವರನ್ನು ಟೀ ಕೊಟ್ಟು ಕಳಿಸುತ್ತಿದ್ದಳು. ಅನಿತಾ ನನ್ನ ಮುಂದೆ ಒಮ್ಮೆ, “ಅಣ್ಣ ಹೋದ ದುಃಖಕ್ಕಿಂತ ಅವ್ವ ಹಿಂಗಿರದು ಜಾಸ್ತಿ ಆಗೈತೆ ಮೇಡಂ” ಎಂದು ಮುಖ ಮುಚ್ಚಿಕೊಂಡಿದ್ದಳು. ಪ್ರತಿ ವರ್ಷ ಹಾಲೇಶ ಸತ್ತ ದಿನ ಮೈದಾನದಲ್ಲಿ ಶಾಮಿಯಾನ ಹಾಕಿ ಭಾಷಣ ಮಾಡುತ್ತಿದ್ದರು. ಜೆಸಿಬಿ ಉದ್ದ ಮಾಡಿದ ಗುಂಡಿಯ ಮೇಲೆ ಸ್ಮಾರಕಕ್ಕೆಂದು ಎಬ್ಬಿಸಿದ ಕಂಬಿಗಳು ತುಕ್ಕು ಹಿಡಿದು ನಿಂತಿದ್ದವು. ಅವತ್ತು ಬಸಮ್ಮ ಗದ್ದೆಯಲ್ಲಿರುತ್ತಿದ್ದಳು. ತಾಯಿಯನ್ನು ವೇದಿಕೆಗೆ ಕರೆತರಲು ನನ್ನನ್ನೇ ಕಳಿಸುತ್ತಿದ್ದರು. ನಾನು ಹೋಗಿ ಬದುವಿನ ಮೇಲೆ ಕೂತು, ಅವಳ ಜೊತೆ ಎರಡು ಮಾತಾಡಿ, ಬರುವುದಿಲ್ಲವಂತೆ ಎಂದು ಬಂದು ಹೇಳುತ್ತಿದ್ದೆ. ಅಷ್ಟರಲ್ಲಿ ನನ್ನ ನಿವೃತ್ತಿಯೂ ಆಯಿತು. ಆದರೂ ಆ ಮನೆಗೆ ಹೋಗುವುದನ್ನು ಬಿಡಲಾಗಲಿಲ್ಲ. ಅವಳು ಮೇಡಂನೋರೆ ಎನ್ನುವುದನ್ನು ಬಿಟ್ಟು ಅಕ್ಕಾರೆ ಎನ್ನತೊಡಗಿದ್ದಳು.

ಒಂದು ದಿನ ಅನಿತಾಳ ಫೋನು ಬಂತು. “ಅಣ್ಣನ ಜೊತಿ ಅಲ್ಲಿದ್ದೋರು ಒಬ್ರು ನಾಳೆ ಮನಿಗೆ ಬರ್ತಾರಂತೆ. ಅವ್ವ ಏನಂತಾಳೋ, ನೀವು ಬರ್ರಿ ಮೇಡಂ.” ಬೆಳಿಗ್ಗೆ ಹೊರಟು ಹೋದೆ.

ಬಂದವನ ಹೆಸರು ದಾವಲ್‌ಸಾಬ, ಗದಗಿನ ಕಡೆಯ ಹುಡುಗ. ಹಾಲೇಶನ ತುಕಡಿಯಲ್ಲೇ ಇದ್ದವನು. ಅಲ್ಲಿಂದ ವಾಪಸಾದ ಮೇಲೆ ಇನ್ನೆಲ್ಲೆಲ್ಲೋ ಹಾಕಿದ್ದರಂತೆ, ಬರಲು ಇಷ್ಟು ವರ್ಷ ಹಿಡಿಯಿತು ಎಂದ. ಚಪ್ಪಲಿ ಹೊರಗೆ ಬಿಟ್ಟು, ಕರಿಬಸಪ್ಪನ ಕಾಲು ಮುಟ್ಟಿ, ಚಾಪೆಯ ತುದಿಯಲ್ಲಿ ಕೂತ. ಬಸಮ್ಮ ನೀರು ಕೊಟ್ಟು ಕಂಬದ ಪಕ್ಕ ನಿಂತಳು. ಯಾರಾದರೂ ಕೇಳುವ ಮೊದಲೇ ಅವನು ಹೇಳತೊಡಗಿದ.

“ನಮ್ಮ ಕ್ಯಾಂಪಿನ ಗೇಟಿಗೆ ಆವತ್ತ ನಂದೂ ಅವಂದೂ ಡ್ಯೂಟಿ ಇತ್ರಿ. ಅಲ್ಲಿ ಎರಡು ಕಡಿ ಮಂದಿ ಹೊಡದಾಡಾಕತ್ತಿದ್ರು. ಹೆಣ್ಮಕ್ಕಳು, ಸಣ್ಣ ಹುಡುಗ್ರು ನಮ್ಮ ಕಡೆ ಓಡಿ ಬಂದ್ರು. ಹಾಲೇಶ ಗೇಟ್ ತಗದು ಒಬ್ಬೊಬ್ಬರನ್ನ ಒಳಗ ಎಳಕೊಳ್ಳಾಕತ್ತಿದ್ದ. ಕಡೀಗೆ ಒಬ್ಬಾಕಿ ಮುದುಕಿ ಹಿಂದ ಉಳಿದಿದ್ಲು. ಆಕೀನ್ನ ಎತ್ತಿಕೊಂಡ ಬರಾಕ ಹೋದ. ಆಕಿ ಬಂದ್ಲು. ಅವ ಬರಲಿಲ್ಲ.”

“ಯಾರು ಹೊಡದ್ರಪ್ಪ?” ಎಂದ ಕರಿಬಸಪ್ಪ.

“ಗೊತ್ತಿಲ್ಲರಿ ಅಪ್ಪಾರ. ಎರಡೂ ಕಡಿಯಿಂದ ಗುಂಡು ಬರ್ತಿದ್ವು.”

ಕರಿಬಸಪ್ಪ ತಲೆ ತಗ್ಗಿಸಿ ಕೂತ. ಬಸಮ್ಮನ ಮುಖ ಕದಲಲಿಲ್ಲ. “ಆಮ್ಯಾಲೆ?” ಎಂದಳು, ಯಾರದೋ ಊರಿನ ಸುದ್ದಿ ಕೇಳುವವಳಂತೆ.

“ಪೆಟಿಗ್ಯಾಗ ಇಡಾಮುಂದ ನಾನ ಇದ್ನಿರಿ ಅವ್ವಾರ. ಅವ ಒಮ್ಮೆ ಹೇಳಿದ್ದ, ನಮ್ಮೊಳಗ ಸತ್ತೋರ ಎಡಗೈಯಾಗ ಲಿಂಗ ಕೊಟ್ಟು ಮಣ್ಣ ಮಾಡ್ತಾರಂತ. ಅದಕ ನಾನು ಅವನ ಕೊರಳಾಗಿಂದು ತಗದು ಎಡಗೈಯಾಗ ಇಟ್ನಿ. ಬೆರಳು ಮಡಚೀನಿ, ಆದರ ಅವನ ಕಿರಿಬೆರಳು ಸೊಟ್ಟ ಇತ್ತಲ್ಲರಿ, ಅದು ಮಡಚಾಕ ಬರಲಿಲ್ಲ. ಲಿಂಗ ಜಾರಿ ಬಿದ್ದೀತು ಅಂತ ನನ್ನ ಕರವಸ್ತ್ರಾ ಸುತ್ತಿ ಕಟ್ಟೀನ್ರಿ. ನಾನು ಮುಟ್ಟಬಾರದಿತ್ತೇನೋ. ಅಲ್ಲಿ ನಿಮ್ಮ ಪೈಕಿ ಮತ್ಯಾರೂ ಇರಲಿಲ್ಲ.”

ಬಸಮ್ಮ ಕಂಬ ಹಿಡಿದು ಮೆಲ್ಲಗೆ ಕೆಳಗೆ ಕುಸಿದಳು. ಅವಳ ಎಡಗೈ ತಾನಾಗಿಯೇ ಮುಷ್ಟಿಯಾಗಿ, ಕಿರುಬೆರಳೊಂದು ಹೊರಗೆ ಉಳಿಯಿತು. ಅದನ್ನೇ ನೋಡುತ್ತಾ, “ಹಸುಗೂಸಿದ್ದಾಗಿಂದ ಹಂಗೇ ಇತ್ತು” ಎಂದಳು. ಆಮೇಲೆ ಹೊರಟ ದನಿಯನ್ನು ನಾನು ಬರೆಯಲಾರೆ. ಸಾವಿನ ಮನೆಗಳಿಗೆ ಹೋಗಿಯೇ ಕೂದಲು ನೆರೆತವಳು ನಾನು, ಅಂಥ ಅಳುವನ್ನು ಕೇಳಿರಲಿಲ್ಲ. ವರ್ಷಗಟ್ಟಲೆ ತಡೆದದ್ದು ಒಮ್ಮೆಗೇ ಬಂತು. ಅಕ್ಕಪಕ್ಕದ ಹೆಂಗಸರು ಓಡಿಬಂದರು. ಬಂದವರು ಏನಾಯಿತೆಂದು ಕೇಳಲಿಲ್ಲ, ಅವಳ ಸುತ್ತ ಕೂತು ತಾವೂ ದನಿಗೂಡಿಸಿದರು. ದಾವಲ್‌ಸಾಬ ಗಾಬರಿಯಾಗಿ ಎದ್ದು ನಿಂತಿದ್ದ. ಅವನ ಕೈ ಹಿಡಿದು ಅವಳು ಹಣೆಗೆ ಒತ್ತಿಕೊಂಡಳು.

ಬಹಳ ಹೊತ್ತಾದ ಮೇಲೆ, ಮುಖ ಒರೆಸಿಕೊಂಡು ಅವನನ್ನು ಕೇಳಿದಳು: “ಆ ಹಲಗಿ ತೆಗ್ದು ಮಕ ತೋರ್ಸಾಕ ಎಷ್ಟು ಹೊತ್ತು ಬೇಕಿತ್ತಪ್ಪ?”

ಅವನಿಗೆ ಹಿಂದಿನದೇನೂ ಗೊತ್ತಿರಲಿಲ್ಲ. ಸಹಜವಾಗಿ ಹೇಳಿದ: “ನಾಕು ಸ್ಕ್ರೂ ಅಷ್ಟರಿ ಅವ್ವಾರ.”

ಅವಳು ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು. ಎದ್ದು ಒಳಗೆ ಹೋಗಿ ಅವನಿಗೆ ರೊಟ್ಟಿ ತಟ್ಟಿದಳು.

ಮುಂದಿನ ಸೋಮವಾರ ಊರಿನ ಅಯ್ಯನವರನ್ನು ಕರೆಸಿ ಮಾಡಬೇಕಾದ್ದನ್ನೆಲ್ಲ ಮಾಡಿಸಿದರು. ಮೈದಾನದ ಗುಂಡಿಯ ಮೇಲಿನ ಒಂದು ಬೊಗಸೆ ಮಣ್ಣನ್ನು ತಂದು ಹೊಲದಲ್ಲಿ ಅಜ್ಜನ ಪಕ್ಕ ಇಟ್ಟರು. ಯಾವ ಸರ್ಕಾರಿ ಗಾಡಿಯೂ ಬರಲಿಲ್ಲ. ಬಸಮ್ಮ ಎಡೆ ಇಟ್ಟಳು. ಆ ವರ್ಷವೇ ಅನಿತಾಳ ಮದುವೆ ಗೊತ್ತಾಯಿತು.

ಮದುವೆ ಹರಿಹರದ ಕಲ್ಯಾಣ ಮಂಟಪದಲ್ಲಿ. ದಾವಲ್‌ಸಾಬ ರಜೆ ಹಾಕಿ ಎರಡು ದಿನ ಮೊದಲೇ ಬಂದು ಅಡುಗೆಮನೆಯಿಂದ ವೇದಿಕೆಯವರೆಗೆ ಓಡಾಡುತ್ತಿದ್ದ. ಅಕ್ಷತೆ ಬಿದ್ದ ಮೇಲೆ ಹೊರಗೆ ಸರ್ಕಾರಿ ಕಾರು ನಿಂತಿತು. ನಮ್ಮ ಸಾಹೇಬರು. ಈಗ ದೊಡ್ಡ ಹುದ್ದೆಯಲ್ಲಿದ್ದಾರೆ, ಕೂದಲು ಹಣ್ಣಾಗಿದೆ. ಹುತಾತ್ಮ ಯೋಧನ ತಂಗಿಯ ಮದುವೆ ಎಂದು ಯಾರೋ ಕರೆತಂದಿದ್ದರು. ವಧೂವರರಿಗೆ ಶಾಲು ಹೊದಿಸಿ ಫೋಟೊ ತೆಗೆಸಿಕೊಂಡು, ಇಳಿಯುವಾಗ ನನ್ನನ್ನು ಗುರುತು ಹಿಡಿದು ನಗುತ್ತಾ ಬಂದರು.

“ಏನ್ ಮೇಡಂ, ಚೆನ್ನಾಗಿದೀರಾ? ಅವತ್ತು ಆ ಹುಡುಗನ ಕಾರ್ಯಕ್ರಮ ಎಷ್ಟು ಅಚ್ಚುಕಟ್ಟಾಗಿ ಆಯ್ತಲ್ರಿ! ಅಷ್ಟು ಜನ ಸೇರಿದ್ರೂ ಒಂದು ಗಲಾಟೆ ಇಲ್ಲ. ಈಗಲೂ ಟ್ರೈನಿಂಗ್‌ನಾಗೆ ಅದನ್ನೇ ಉದಾಹರಣೆ ಕೊಡ್ತೀನಿ.”

ನಾನು ಅವರಿಗೆ ಎಲ್ಲವನ್ನೂ ಹೇಳಿದೆ. ತಾಯಿ ನಂಬದೆ ಕಳೆದ ವರ್ಷಗಳು, ನಿಂತ ಮದುವೆ, ಮುಷ್ಟಿಯಾಗದ ಬೆರಳು, ಎಲ್ಲವನ್ನೂ. ಅವರ ಮುಖದಲ್ಲಿ ನಿಜವಾದ ಬೇಸರ ಕಂಡಿತು.

“ಅಯ್ಯೋ, ಪಾಪ. ಮುಖ ನೋಡ್ಬೇಕು ಅಂತ ಒಂದು ಮಾತು ಹೇಳಿದ್ರೆ ತೆಗೆಸಿಬಿಡ್ತಿದ್ದೆನಲ್ರಿ. ಯಾರೂ ನನ್ನ ಗಮನಕ್ಕೇ ತರ್ಲಿಲ್ಲ.”

“ನಾನೇ ತಂದಿದ್ದೆ ಸಾರ್. ಅಂಗಳದಾಗ ನಿಮ್ಮ ಎದುರಿಗೆ ನಿಂತು ಹೇಳಿದ್ದೆ.”

ಅವರು ಹುಬ್ಬು ಗಂಟಿಕ್ಕಿ ನೆನಪು ಮಾಡಿಕೊಳ್ಳಲು ನೋಡಿದರು. ಸುಳ್ಳು ಹೇಳುತ್ತಿರಲಿಲ್ಲ. ಅವರಿಗೆ ನೆನಪೇ ಇರಲಿಲ್ಲ. ಹೊಸದಾಗಿ ಕೆಲಸಕ್ಕೆ ಸೇರುವ ಮಕ್ಕಳೇ, ನಿಮ್ಮನ್ನು ಹೆದರಿಸಬೇಕಾದದ್ದು ಲಂಚಕೋರ ಮೇಲಧಿಕಾರಿಯಲ್ಲ. ಅವನನ್ನು ದೂರದಿಂದಲೇ ಗುರುತಿಸಬಹುದು. ನಾನು ಹೇಳುತ್ತಿರುವುದು ಈ ಮರೆವಿನ ವಿಷಯ. ಇದು ಒಳ್ಳೆಯವರಿಗೇ ಬರುತ್ತದೆ, ಕೆಲಸ ಮುಗಿದ ಸಂಜೆಯೇ ಬರುತ್ತದೆ.

ಅಷ್ಟರಲ್ಲಿ ಬಸಮ್ಮ ಬಂದಳು. ಹಸಿರು ಸೀರೆ ಉಟ್ಟಿದ್ದಳು. ಮದುವೆಮನೆಯ ಯಜಮಾನಿಯಾಗಿ ಸಾಹೇಬರಿಗೆ ಕೈಮುಗಿದಳು.

“ಉಂಡು ಹೋಗ್ರಿ ಸಾಹೇಬ್ರೆ. ಎಲೆ ಹಾಕೈತೆ.”

“ಇಲ್ಲಮ್ಮ, ದಾವಣಗೆರೆಯಾಗೆ ಇನ್ನೊಂದು ಕಾರ್ಯಕ್ರಮ ಐತೆ, ಹೊತ್ತಾಗ್ತೈತೆ” ಎಂದು ಅವರು ಗಡಿಯಾರ ನೋಡಿಕೊಂಡರು.

ಬಸಮ್ಮ ಅವರ ಮುಖವನ್ನು ಒಂದು ಕ್ಷಣ ನೋಡಿದಳು. ಅವಳ ದನಿಯಲ್ಲಿ ಕೋಪವಿರಲಿಲ್ಲ.

“ಅವತ್ತೂ ನಿಮಗೆ ಹೊತ್ತಾಗಿತ್ತು ಬಿಡ್ರಿ” ಎಂದು, ಪಾಯಸದ ಬಕೆಟ್ಟು ಹಿಡಿದು ನಿಂತಿದ್ದ ದಾವಲ್‌ಸಾಬನನ್ನು ಕರೆದು, ಉಣ್ಣುವವರ ಪಂಕ್ತಿಯ ಕಡೆ ನಡೆದಳು.